ಕೆಸರಿನ ರೀಡಿಂಗ್ ಪ್ರತಿ ಸಲ ಇಳಿಯುವುದಕ್ಕೆ

ಅಣುತ್ಯಾಜ್ಯದ ವಿಕಿರಣ ಕೆಸರಿನ ಬದಲಿಗೆ ಪರೀಕ್ಷೆಗೆಂದು ಮಾಡಿಕೊಂಡ ಮೆಗ್ನೀಷಿಯಂ ಹೈಡ್ರಾಕ್ಸೈಡ್ ಕೆಸರು ವಿಸ್ಕೋಮೀಟರಿನಲ್ಲಿ (ದ್ರವ ಎಷ್ಟು ಮಂದ ಅಂತ ಅಳೆಯುವ ಮೆಷಿನ್) ಪ್ರತಿ ಸಲ ಕಡಿಮೆ ತೋರಿಸುತ್ತಿದೆ ಅಂದಿದ್ದೀರಿ. ಮೆಷಿನ್ ಕೆಟ್ಟಿರಲಿಕ್ಕಿಲ್ಲ. ಕೆಸರಿನೊಳಗೆ ತಿರುಗುವ ದುಂಡನೆ ಕಡ್ಡಿಯ, ಅಂದರೆ ಸ್ಪಿಂಡಲಿನ ಸುತ್ತ ತೆಳುವಾಗಿ ನೀರು ಕಟ್ಟಿ ಅದು ಸುಮ್ನೆ ಜಾರುತ್ತಿದೆ, ಜೊತೆಗೆ ಮೊದಲ ಸುತ್ತಿಗೇ ಕೆಸರಿನ ಕಟ್ಟು ಒಡೆದಿದೆ. ಇವೆರಡರಲ್ಲಿ ಯಾವುದರ ಪಾಲು ಜಾಸ್ತಿ ಅನ್ನೋದು ಸ್ಪಿಂಡಲ್ ಬದಲಿಗೆ ವೇನ್ (ರೆಕ್ಕೆಗಳಿರುವ ಕಡ್ಡಿ) ಹಾಕಿ ನೋಡಿದ ಮೇಲೇ ಗೊತ್ತಾಗುವುದು.

ಮೊದಲು ಹುಬ್ಬಳ್ಳಿಯ ಬೋರ್‌ವೆಲ್ ನೀರು ಬಳಸುವುದನ್ನು ಬಿಡಿ. ಅದರ ಲವಣ ಕಣಗಳನ್ನು ಗುಂಪುಗೂಡಿಸುತ್ತದೆ. ಡಿಸ್ಟಿಲ್ಡ್ ವಾಟರ್ ಬಳಸಿ, ಬ್ಯಾಟರಿ ಅಂಗಡಿಯದ್ದಾದರೂ ನಡೆಯುತ್ತದೆ. ಒಂದೇ ಸಲ ಕಲಸಿ, ನಾಲ್ಕೈದು ಬೀಕರಿಗೆ ಹಾಕಿ ಮುಚ್ಚಿಡಿ. ಎಲ್ಲವಕ್ಕೂ ಒಂದೇ ವಿಶ್ರಾಂತಿ ಸಮಯ ಕೊಡಿ.

ಆಮೇಲೆ ನಾಲ್ಕು ರೆಕ್ಕೆಯ ವೇನ್ ಹಾಕಿ. ರೆಕ್ಕೆ ಪೂರ್ತಿ ಮುಳುಗಬೇಕು, ಗೋಡೆಗೆ ಹತ್ತಿರ ಇರಬಾರದು. ತೀರಾ ನಿಧಾನ ತಿರುಗಿಸಿ, ಮೊದಲು ಏರುವ ಗರಿಷ್ಠ ಟಾರ್ಕ್ (ತಿರುಗಿಸುವ ಬಲ) ಮಾತ್ರ ಬರೆದುಕೊಳ್ಳಿ. ಅಳೆದ ಬೀಕರನ್ನು ಮತ್ತೆ ಅಳೆಯಬೇಡಿ. ನಿಮ್ಮ ತಪ್ಪು ಇಲ್ಲೇ ಆಗಿರುವುದು ಅಂತ ನನಗನಿಸುತ್ತದೆ. ವೇನ್ ಎತ್ತರ ವ್ಯಾಸದ ಎರಡರಷ್ಟಿದ್ದರೆ, ನ್ಯೂಟನ್ ಮೀಟರಿನ ಟಾರ್ಕನ್ನು ವ್ಯಾಸದ (ಮೀಟರಿನಲ್ಲಿ) ಘನದ 3.67 ಪಟ್ಟಿನಿಂದ ಭಾಗಿಸಿ. ಪ್ಯಾಸ್ಕಲಿನಲ್ಲಿ ಯೀಲ್ಡ್ ಸ್ಟ್ರೆಸ್, ಅಂದರೆ ಕೆಸರು ಹರಿಯಲು ಶುರುವಾಗಲು ಬೇಕಾದ ಕನಿಷ್ಠ ಒತ್ತಡ, ಬರುತ್ತದೆ.

ವರದಿಯಲ್ಲಿ ಬರೀ ವಿಸ್ಕಾಸಿಟಿ (ಮಂದತೆ) ಕೊಟ್ಟರೆ ಸಾಲದು. ಇಂಗ್ಲೆಂಡಿನ ಸೆಲ್ಲಾಫೀಲ್ಡ್ ಅಣುಕೇಂದ್ರದ ಹಳೆಯ ಕೊಳಗಳಲ್ಲಿ ಮ್ಯಾಗ್ನಾಕ್ಸ್ (ಅಣು ಇಂಧನದ ಹೊದಿಕೆಯ ಮೆಗ್ನೀಷಿಯಂ ಮಿಶ್ರಲೋಹ) ತುಕ್ಕು ಹಿಡಿದಾಗ ಇದೇ ಹೈಡ್ರಾಕ್ಸೈಡೂ ಹೈಡ್ರೋಜನ್ನೂ ಹುಟ್ಟುತ್ತವೆ. ಗಟ್ಟಿ ಕೆಸರು ಆ ಗುಳ್ಳೆಗಳನ್ನು ಹಿಡಿದಿಟ್ಟುಕೊಂಡು ಒಮ್ಮೆಲೇ ಬಿಟ್ಟರೆ ಅಪಾಯ, ಅಲ್ವಾ? ಹಾಗಾಗಿ ಯೀಲ್ಡ್ ಸ್ಟ್ರೆಸ್ ಬೇಕೇ ಬೇಕು. ಪ್ರತಿ ಬೀಕರಿನಿಂದ ಸ್ವಲ್ಪ ತೆಗೆದು 105 ಡಿಗ್ರಿ ಓವನ್ನಿನಲ್ಲಿ ರಾತ್ರಿಯಿಡೀ ಒಣಗಿಸಿ, ಘನಪದಾರ್ಥದ ಪ್ರಮಾಣವನ್ನೂ ಪಕ್ಕದಲ್ಲೇ ಬರೆಯಿರಿ.