ಕೊರಿಯಾದಲ್ಲಿ ಹೊಟ್ಟೆ ಕ್ಯಾನ್ಸರ್ ತಪಾಸಣೆ ಬಡವರಿಗೆ ಪುಕ್ಕಟೆ. ಆದರೂ ಅವರೇ ಕಡಿಮೆ ಬರುವುದೇಕೆ?

ಪುಕ್ಕಟೆ ಆಗಿರುವುದು ತಪಾಸಣೆ ಮಾತ್ರ, ಅದಕ್ಕೆ ತಗಲುವ ದಿನವಲ್ಲ.

ದಕ್ಷಿಣ ಕೊರಿಯಾ 1999ರಲ್ಲಿ ಸರ್ಕಾರಿ ವೈದ್ಯಕೀಯ ನೆರವು ಪಡೆಯುವ ಬಡವರಿಂದಲೇ ಈ ಯೋಜನೆ ಶುರು ಮಾಡಿತು. ಈಗ 40 ದಾಟಿದ ಎಲ್ಲರಿಗೂ 2 ವರ್ಷಕ್ಕೊಮ್ಮೆ ತಪಾಸಣೆ ಉಂಟು. ಸರಿಸಂಖ್ಯೆಯ ವರ್ಷದಲ್ಲಿ ಹುಟ್ಟಿದವರಿಗೆ ಸರಿಸಂಖ್ಯೆಯ ವರ್ಷದಲ್ಲಿ ಸರದಿ. ಸರ್ಕಾರಿ ಆರೋಗ್ಯ ವಿಮೆ ಕಂತಿನ ಲೆಕ್ಕದಲ್ಲಿ ಕೆಳಗಿನ ಅರ್ಧ ಜನ ಏನೂ ಕಟ್ಟಬೇಕಿಲ್ಲ, ಮೇಲಿನವರು ತಪಾಸಣೆಯ ಖರ್ಚಿನ ಶೇ. 10 ಕಟ್ಟುತ್ತಾರೆ.

ತೊಡಕು ಬೇರೆ ಕಡೆ ಇದೆ. ತಪಾಸಣೆ ಎಂದರೆ ಮುಖ್ಯವಾಗಿ ಎಂಡೋಸ್ಕೋಪಿ, ಅಂದರೆ ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ಹೊಟ್ಟೆಯ ಒಳಗೆ ನೋಡುವುದು. ಅದಕ್ಕೆ ಹಿಂದಿನ ರಾತ್ರಿಯಿಂದ ಕನಿಷ್ಠ 8 ಗಂಟೆ ಖಾಲಿ ಹೊಟ್ಟೆಯಲ್ಲಿರಬೇಕು. ನಿದ್ರೆ ಬರುವ ಇಂಜೆಕ್ಷನ್ ಬೇಕೆಂದರೆ ಅದರ ದುಡ್ಡು ಕೈಯಿಂದಲೇ. ಅದನ್ನು ತಗೊಂಡರೆ ಆ ದಿನ ಗಾಡಿ ಓಡಿಸುವಂತಿಲ್ಲ, ಜೊತೆಗೊಬ್ಬರು ಬೇಕು. ದಿನಗೂಲಿಯವನಿಗೆ ಇದು ಎರಡು ಜನರ ಕೂಲಿ ಹೋದಂತೆ. ದೊಡ್ಡ ಕಂಪನಿಯ ನೌಕರನಿಗೋ, ಕಂಪನಿಯೇ ತಪಾಸಣೆ ಮಾಡಿಸಿ ರಜೆಯನ್ನೂ ಕೊಡುತ್ತದೆ.

ಕೊಳವೆ ನುಂಗುವ ಭಯಕ್ಕೆ ಬೇರಿಯಂ (ಹೊಟ್ಟೆಯ ಒಳಭಾಗ ಎಕ್ಸ್‌ರೇಯಲ್ಲಿ ಎದ್ದು ಕಾಣುವಂತೆ ಮಾಡುವ ದ್ರವ) ಕುಡಿದು ಎಕ್ಸ್‌ರೇ ತೆಗೆಸುವ ದಾರಿಯೂ ಇದೆ. ಆದರೆ ಆರಂಭದ, ಚಪ್ಪಟೆಯಾಗಿ ಹರಡಿದ ಕ್ಯಾನ್ಸರ್ ಅದರಲ್ಲಿ ತಪ್ಪಿಹೋಗುವುದು ಹೆಚ್ಚು. ಅನುಮಾನ ಕಂಡರೆ ಮತ್ತೆ ಎಂಡೋಸ್ಕೋಪಿಗೇ ಬರಬೇಕು, ಅಂದರೆ ಇನ್ನೊಂದು ಕೂಲಿ ಖೋತಾ. ನನ್ನ ಮಟ್ಟಿಗೆ, ಶುಲ್ಕ ಮನ್ನಾಕ್ಕಿಂತ ಸಂಬಳ ಸಹಿತ ಅರ್ಧ ದಿನದ ರಜೆ ಹೆಚ್ಚು ಕೆಲಸ ಮಾಡೀತು.

ಭಾರತದಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ: ಸರ್ಕಾರಿ ತಪಾಸಣೆ ಇರುವುದು ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರಿಗೆ. ಹೊಟ್ಟೆಯದಕ್ಕೆ ಇಲ್ಲ.