ರೇಡಾರ್ ರಿಪೇರಿ ಕೆಲಸ ಮಾಡುವವರಿಗೆ ಮೈಕ್ರೋವೇವ್‌ನಿಂದ ಏನಾದರೂ ಆಗುತ್ತದಾ?

ರೇಡಾರ್ ರಿಪೇರಿ ಕೆಲಸಕ್ಕೆ ಸೇರಿ ಆರು ತಿಂಗಳಾಯಿತು, ಮುಂದೆ ಕ್ಯಾನ್ಸರ್ ಬರುತ್ತದಾ, ಮಕ್ಕಳಾಗಲು ತೊಂದರೆಯಾಗುತ್ತದಾ ಅಂತ ಕೇಳಿದ್ದೀರಿ. ನಾನೂ ಇದೇ ಕೆಲಸದಲ್ಲಿ ಹದಿನಾಲ್ಕು ವರ್ಷ ಇದ್ದೆ. ಸೇರಿದ ಹೊಸದರಲ್ಲಿ ನನಗೂ ಇದೇ ಭಯ ಇತ್ತು.

ರೇಡಾರ್ ಹೊರಬಿಡುವ ಮೈಕ್ರೋವೇವ್ ತರಂಗಗಳಿಗೆ ಎಕ್ಸ್-ರೇ ಹಾಗೆ ಡಿಎನ್‌ಎ ಮುರಿಯುವ ಶಕ್ತಿ ಇಲ್ಲ. ಅದು ಮೈಯನ್ನು ಬಿಸಿ ಮಾಡುತ್ತದೆ. ಆ ಬಿಸಿಯನ್ನು ರಕ್ತ ಹೊತ್ತುಕೊಂಡು ಹೋಗುತ್ತದೆ. ಆದರೆ ಕಣ್ಣಿನ ಮಸೂರದಲ್ಲಿ ರಕ್ತನಾಳವೇ ಇಲ್ಲ, ಬಿಸಿ ಅಲ್ಲೇ ಉಳಿಯುತ್ತದೆ. ತುಂಬಾ ಜಾಸ್ತಿಯಾದರೆ ಕಣ್ಣಿಗೆ ಪೊರೆ ಬರಬಹುದು. ವೃಷಣಗಳೂ ಬಿಸಿ ತಡೆಯುವುದಿಲ್ಲ, ವೀರ್ಯಾಣು ಕಡಿಮೆಯಾಗಬಹುದು. ಇಡೀ ದೇಹ ಕೆಜಿಗೆ 4 ವ್ಯಾಟ್ ಹೀರಿಕೊಂಡರೆ ಒಳಗಿನ ಉಷ್ಣತೆ ಸುಮಾರು 1 ಡಿಗ್ರಿ ಏರುತ್ತದೆ. ಕೆಲಸಗಾರರಿಗೆ ಹಾಕಿರುವ ಅಂತರರಾಷ್ಟ್ರೀಯ ಮಿತಿ ಅದರ ಹತ್ತನೇ ಒಂದು ಪಾಲು, 0.4 ವ್ಯಾಟ್. ಮಿತಿಯೊಳಗೆ ಇದ್ದರೆ ಮಕ್ಕಳ ವಿಷಯದಲ್ಲಿ ನೀವು ನಿದ್ದೆಗೆಡಬೇಕಿಲ್ಲ.

'ಬಿಸಿ ಅನ್ನಿಸಿದರೆ ಪಕ್ಕಕ್ಕೆ ಸರಿದರಾಯ್ತು' ಅನ್ನುವವರ ಮಾತು ಮಾತ್ರ ಕೇಳಬೇಡಿ. ಕೆಲವು ತರಂಗಗಳು ಚರ್ಮ ದಾಟಿ ಒಳಗೆ ಬಿಸಿ ಮಾಡುತ್ತವೆ. ಚರ್ಮಕ್ಕೆ ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ರೇಡಾರ್ ಪಲ್ಸ್ ತಲೆಗೆ ಬಡಿದಾಗ ಟಿಕ್ ಟಿಕ್ ಅಂತ ಸದ್ದು ಕೇಳಿಸುವುದೂ ಉಂಟು. ಅದು ಭ್ರಮೆ ಅಲ್ಲ. ತಲೆಯೊಳಗೆ ಚೂರೇ ಚೂರು ಬಿಸಿಯಾಗಿ ಹಿಗ್ಗಿದ ಅಲೆ ಕಿವಿಯ ಒಳಭಾಗ ಮುಟ್ಟುತ್ತದೆ. ಕೇಳಿಸಿದರೆ ತಕ್ಷಣ ಅಲ್ಲಿಂದ ಹೊರಡಿ.

ಕ್ಯಾನ್ಸರ್ ವಿಷಯಕ್ಕೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ರೇಡಿಯೋ ತರಂಗಗಳನ್ನು (ಮೈಕ್ರೋವೇವ್ ಕೂಡ ಇದರಲ್ಲೇ ಬರುತ್ತದೆ) '2ಬಿ' ಗುಂಪಿಗೆ ಸೇರಿಸಿತು. ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು, ಪುರಾವೆ ಸಾಲದು ಅಂತ ಅರ್ಥ. ನನ್ನನ್ನು ಕೇಳಿದರೆ ನಿಮಗೆ ನಿಜವಾದ ಕ್ಯಾನ್ಸರ್ ಅಪಾಯ ಇರುವುದು ಆಂಟೆನಾ ಮುಂದೆ ಅಲ್ಲ, ತರಂಗ ಹುಟ್ಟಿಸುವ ಟ್ರಾನ್ಸ್‌ಮಿಟರ್‌ನ ಕ್ಯಾಬಿನೆಟ್ ಒಳಗೆ. ಕ್ಲೈಸ್ಟ್ರಾನ್, ಥೈರಾಟ್ರಾನ್‌ನಂಥ ಟ್ಯೂಬ್‌ಗಳಿಗೆ ಸಾವಿರಾರು ವೋಲ್ಟ್ ಕೊಟ್ಟಾಗ ಅವುಗಳಿಂದ ಎಕ್ಸ್-ರೇ ಹೊರಡುತ್ತದೆ. ಅದನ್ನು ತಡೆಯುವುದು ಕ್ಯಾಬಿನೆಟ್‌ನ ಮುಚ್ಚಳ. ಜರ್ಮನಿಯಲ್ಲಿ ಹಳೆಯ ಸೇನಾ ರೇಡಾರ್‌ಗಳಲ್ಲಿ ದುಡಿದವರ ಕ್ಯಾನ್ಸರ್ ದೂರುಗಳನ್ನು ಪರಿಶೀಲಿಸಿದ ತಜ್ಞರ ಸಮಿತಿ 2003ರಲ್ಲಿ ಮುಖ್ಯವಾಗಿ ಬೆರಳು ತೋರಿಸಿದ್ದು ಈ ಎಕ್ಸ್-ರೇ ಕಡೆಗೇ. ಮುಚ್ಚಳ ತೆಗೆದು, ಇಂಟರ್‌ಲಾಕ್ (ಮುಚ್ಚಳ ತೆಗೆದರೆ ಕರೆಂಟ್ ಕಡಿಯುವ ಸ್ವಿಚ್) ಬೈಪಾಸ್ ಮಾಡಿ, ಕರೆಂಟ್ ಕೊಟ್ಟು ಚೆಕ್ ಮಾಡಲು ಯಾರು ಹೇಳಿದರೂ ದಯವಿಟ್ಟು ಮಾಡಬೇಡಿ. ಹೈ ವೋಲ್ಟೇಜ್ ಶಾಕ್ ಹೊಡೆದರಂತೂ ಜೀವವೇ ಹೋಗುತ್ತದೆ.

ಒಂದು ದಿನ ನನ್ನ ಜೊತೆಗಾರ ವೇವ್‌ಗೈಡ್, ಅಂದರೆ ಮೈಕ್ರೋವೇವ್ ಸಾಗಿಸುವ ಲೋಹದ ಕೊಳವೆಯ ಜೋಡಣೆ ಬಿಚ್ಚಿ, ಒಳಗೆ ನೀರು ನಿಂತಿದೆಯಾ ಅಂತ ಬಗ್ಗಿ ನೋಡಲು ಹೊರಟಿದ್ದ. ಕಣ್ಣು ಕೊಳವೆಗೆ ಒಂದು ಗೇಣು ದೂರ ಇರಬೇಕು, ಎದೆಗೆ ಸಿಕ್ಕಿಸಿದ್ದ, ಮೈಕ್ರೋವೇವ್ ಬಂದರೆ ಎಚ್ಚರಿಸುವ ಮಾನಿಟರ್ ಕಿರುಚಿತು. ಕೆಳಗಿನ ರೂಮಿನಲ್ಲಿ ಯಾರೋ ಟ್ರಾನ್ಸ್‌ಮಿಟರ್ ಆನ್ ಮಾಡಿದ್ದರು. ಅವನು ಉಳಿದುಕೊಂಡ. ಅವತ್ತಿನಿಂದ ನಾನು ಸ್ವಿಚ್‌ಗೆ ಬೀಗ ಹಾಕಿ, ಕೀಲಿ ನನ್ನ ಜೇಬಿಗೆ ಬೀಳುವವರೆಗೆ ಒಂದು ನಟ್ ಕೂಡ ಬಿಚ್ಚಲಿಲ್ಲ.

ನಾಳೆ ಕೆಲಸಕ್ಕೆ ಹೋದಾಗ ನಿಮ್ಮ ಕ್ಯಾಬಿನೆಟ್‌ನ ಸೋರಿಕೆಯನ್ನು ಕೊನೆಯ ಸಲ ಅಳೆದದ್ದು ಯಾವಾಗ ಅಂತ ಕೇಳಿ. ಮೈಕ್ರೋವೇವ್ ಒಂದೇ ಅಲ್ಲ, ಎಕ್ಸ್-ರೇ ಅಳತೆಯನ್ನೂ ಕೇಳಿ. ಕೇಳುವುದು ನಿಮ್ಮ ಹಕ್ಕು, ಅಲ್ವಾ?