ದೃಷ್ಟಿ ಕುಂದಿದರೆ ಲೆಕ್ಕಪತ್ರದ ಕೆಲಸ ಬಿಡಲೇಬೇಕಾ?

ನಿಮ್ಮ ತಮ್ಮನ ದೃಷ್ಟಿ ಕುಂದುತ್ತಿದೆ, ಲೆಕ್ಕಪತ್ರದ ಕೆಲಸ ಉಳಿಸಿಕೊಳ್ಳೋಕೆ ಇಂಟರ್‌ನೆಟ್‌ನಲ್ಲಿ ಎಲ್ಲಿ ನೆರವು ಸಿಗುತ್ತೆ ಅಂತ ಕೇಳಿದ್ದೀರಿ. ದಯವಿಟ್ಟು ಅವಸರಕ್ಕೆ ರಾಜೀನಾಮೆ ಕೊಡಿಸಬೇಡಿ.

ಮೊದಲು ಎನ್‌ವಿಡಿಎ ಹಾಕಿಸಿ. ವಿಂಡೋಸ್‌ನಲ್ಲಿ ನಡೆಯುವ ಉಚಿತ ಸ್ಕ್ರೀನ್ ರೀಡರ್ ಅದು, ಅಂದ್ರೆ ಪರದೆಯ ಮೇಲಿರೋದನ್ನ ದನಿಯಲ್ಲಿ ಓದಿ ಹೇಳುವ ತಂತ್ರಾಂಶ, ಪೆನ್‌ಡ್ರೈವ್‌ನಿಂದಲೂ ಓಡುತ್ತೆ. ಎಕ್ಸೆಲ್‌ನಲ್ಲಿ ಬಾಣದ ಕೀ ಒತ್ತಿದ ಹಾಗೆ ಸೆಲ್‌ನಲ್ಲಿರುವ ಅಂಕಿ ಓದಿ, ‘ಬಿ 4’ ಅಂತ ಅದರ ಜಾಗವನ್ನೂ ಹೇಳುತ್ತೆ. ಮೌಸ್ ಬಿಟ್ಟು ಕೀಬೋರ್ಡ್‌ನಲ್ಲೇ ಕೆಲಸ ಮಾಡೋದನ್ನ ಸ್ವಲ್ಪ ಕಾಣುತ್ತಿರುವಾಗಲೇ ರೂಢಿಸಿಕೊಳ್ಳಲಿ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ.

ಆಮೇಲೆ ಅಮೆರಿಕದ ಜಾಬ್ ಅಕಾಮೊಡೇಷನ್ ನೆಟ್‌ವರ್ಕ್ ತಾಣ ನೋಡಿ. ತೊಂದರೆಯ ಹೆಸರು ಹುಡುಕಿದರೆ, ಕೆಲಸದ ಜಾಗದಲ್ಲಿ ಏನೇನು ಅನುಕೂಲ ಕೇಳಬಹುದು ಅಂತ ವಿವರ ಸಿಗುತ್ತೆ. ಕಾನೂನಿನ ಭಾಗ ಆ ದೇಶದ್ದು, ಉಳಿದದ್ದು ಎಲ್ಲಿದ್ದರೂ ಉಪಯೋಗಕ್ಕೆ ಬರುತ್ತೆ. ಮೇಲಧಿಕಾರಿಗೆ ಬರೆಯುವಾಗ ಕಾಯಿಲೆಯ ಕಥೆ ಬೇಡ, ‘ಬಿಲ್‌ಗಳನ್ನು ಫೋಟೊ ಬದಲು ಎಕ್ಸೆಲ್ ಫೈಲ್‌ನಲ್ಲಿ ಕಳಿಸಿ’ ಅಂತ ನೇರವಾಗಿ ಕೇಳಲಿ. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 27ನೇ ವಿಧಿಯಲ್ಲೂ ಇಂಥ ಅನುಕೂಲದ ಮಾತಿದೆ.

ಅಂಗವಿಕಲರಿಗೆ ಕೆಲಸ ಕೊಡಿಸ್ತೀವಿ ಅಂತ ಮುಂಗಡ ಹಣ ಕೇಳುವ ತಾಣಗಳನ್ನು ಮಾತ್ರ ನಂಬಲೇಬೇಡಿ.